ನೆಟ್ಟಗೆ ನಿಲ್ಲುವವರ ಮನೆ

ಮಾರ್ಚ್ ೩, ಸೋಮವಾರ

ಹುಡುಗನನ್ನು ಸೈನ್ಯಕ್ಕೆ ತೆಗೆದುಕೊಳ್ಳಲಿಲ್ಲ. ಕಾರಣ ಮೊಣಕೈ.

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ. ಮತ್ತೆ ಎತ್ತಿಕೊಂಡಿದ್ದೇನೆ. ಬರೆಯದೆ ಎದ್ದರೆ ಯಾರನ್ನಾದರೂ ಬೈಯುತ್ತೇನೆ. ಬೈಯಬೇಕಾದವರನ್ನೆಲ್ಲ ಇವತ್ತು ಆಗಲೇ ಬೈದು ಮುಗಿಸಿದ್ದೇನೆ.

ಎರಡನೆಯ ಸಲದ ಬನ್ನು ಒಲೆಯಿಂದ ಹೊರಬರುವ ಹೊತ್ತಿಗೆ ಮೊಮ್ಮಗ ಬೇಕರಿಯ ಮೆಟ್ಟಿಲು ಹತ್ತಿದ. ಓಟದಲ್ಲಿ ಎಲ್ಲರಿಗಿಂತ ಮುಂದೆ ಬಂದವನು. ಲಿಖಿತ ಪರೀಕ್ಷೆಯಲ್ಲೂ ಎಡವಿದವನಲ್ಲ. ಉಳಿದಿದ್ದು ವೈದ್ಯರ ತಪಾಸಣೆ ಒಂದೇ. ಅದನ್ನು ನಾನು ಒಂದು ಪರೀಕ್ಷೆ ಎಂದೇ ಎಣಿಸಿರಲಿಲ್ಲ. ಹುಡುಗ ಹೊರಟ ಹಾಗೆಯೇ ಎಂದು ಬೀದಿಗೆಲ್ಲ ಹೇಳಿಬಿಟ್ಟಿದ್ದೆ.

"ಏನಾಯ್ತೋ?"

"ಅನ್‌ಫಿಟ್ ಅಂದ್ರು ಅಜ್ಜಿ."

"ಯಾರು?"

"ನಾನು."

"ಅದಲ್ಲ, ಯಾರು ಅಂದಿದ್ದು ಅಂತ ಕೇಳಿದೆ."

ಕೈ ಇಳಿಬಿಟ್ಟು, ಅಂಗೈ ಮುಂದೆ ಮಾಡಿ ನಿಂತರೆ ಮೊಣಕೈಯಿಂದ ಕೆಳಗಿನ ಭಾಗ ಮೈಯಿಂದ ಹೊರಕ್ಕೆ ಸರಿದಿರುತ್ತದಂತೆ. ಎಲ್ಲರಿಗೂ ಸ್ವಲ್ಪ ಇರುತ್ತದೆ, ಇವನದು ನಿಯಮಕ್ಕಿಂತ ಜಾಸ್ತಿಯಂತೆ. ಅಳೆಯುವುದಕ್ಕೆ ಒಂದು ಪ್ಲಾಸ್ಟಿಕ್ ಕೋನಮಾಪಕ ಇಟ್ಟುಕೊಂಡಿದ್ದರಂತೆ. ಶಾಲೆಯ ಮಕ್ಕಳ ಕಂಪಾಸ್ ಪೆಟ್ಟಿಗೆಯಲ್ಲಿರುತ್ತದಲ್ಲ, ಅಂಥದ್ದೇ, ಕೊಂಚ ದೊಡ್ಡದು.

ಹಿಟ್ಟಿನ ಮೂಟೆಗೆ ಒರಗಿಕೊಂಡಿದ್ದ ನನ್ನ ಕಿರಿಯ ಮಗ ಕಣ್ಣು ಸಹ ಪೂರ್ತಿ ತೆರೆಯದೆ, "ಮೊಣಕೈಯಲ್ಲಿ ಗುಂಡು ಹೊಡೀತಾರಾ?" ಎಂದ. ಅವನಿಗೆ ಒರಗುದಿಂಬು ಎಂದು ಹೆಸರಿಟ್ಟವಳು ನಾನೇ. ಹುಟ್ಟಿದಾಗಿನಿಂದ ಯಾವುದಾದರೊಂದಕ್ಕೆ ಒರಗದೆ ನಿಂತವನಲ್ಲ. ಒಲೆ ಉರಿಸುವುದು ಹುಡುಗನ ಅಪ್ಪನಾದ ದೊಡ್ಡವನು, ಟ್ರೇ ತುಂಬುವುದು ಸೊಸೆ, ಗಲ್ಲಾಪೆಟ್ಟಿಗೆಯ ಮುಂದೆ ನಾನು. ಇವನು ಬೇಕರಿಯ ಗೋಡೆಗಳು ಬೀಳದ ಹಾಗೆ ನೋಡಿಕೊಳ್ಳುತ್ತಾನೆ.

ಮೊಮ್ಮಗ ಏನೂ ತಿನ್ನದೆ ಒಳಗೆ ಹೋದ.

ಮಾರ್ಚ್ ೫, ಬುಧವಾರ

ಬೀದಿಗೆ ಬೀದಿಯೇ ಬುದ್ಧಿ ಹೇಳುವುದಕ್ಕೆ ಬಂದಿತ್ತು. ಬ್ರೆಡ್ಡು ಕೊಳ್ಳುವ ನೆಪ. ಒಂದು ಬನ್ನಿಗೆ ಎರಡೆರಡು ಸಲಹೆ.

ಎದುರು ಅಂಗಡಿಯ ಟೈಲರ್ ಅಳತೆ ಟೇಪು ಕೊರಳಲ್ಲಿ ಹಾಕಿಕೊಂಡೇ ಬಂದ. "ಅಮ್ಮಾವ್ರೇ, ದಿನಾ ಎರಡು ಬಕೆಟ್ ನೀರು ಹಿಡ್ಕೊಂಡು ನಿಲ್ಲಿಸಿ. ಕೈ ತಾನಾಗೇ ಒಳಗೆ ಬರುತ್ತೆ. ನಮ್ಮ ಭಾವಮೈದುನನಿಗೆ ಹಂಗೇ ಆಗಿದ್ದು."

"ನಿಮ್ಮ ಭಾವಮೈದುನ ಸೈನ್ಯಕ್ಕೆ ಸೇರಿದನಾ?"

"ಇಲ್ಲ, ಬೆನ್ನು ಹಿಡ್ಕೊಳ್ತು."

ಹುಡುಗನ ಕೈಯನ್ನು ಅಳೆದು ನೋಡುತ್ತೇನೆ ಎಂದು ಟೇಪು ಬಿಚ್ಚಿದ. ನೀನು ಪ್ಯಾಂಟು ಅಳೆದರೆ ಸಾಕು ಎಂದು ಕಳಿಸಿದೆ. ಇನ್ನೊಬ್ಬಳು, ಬಿಡಿ, ಬೇಕರಿ ಇದೆಯಲ್ಲ, ಕೂತು ತಿನ್ನಬಹುದು ಎಂದಳು. ಅವಳಿಗೆ ನಿನ್ನೆಯ ಬ್ರೆಡ್ಡು ಕೊಟ್ಟೆ.

ನನ್ನ ಮನೆಯ ಹುಡುಗನಿಗೆ ಸಲಹೆ ಕೊಡಲು ನಾನಿದ್ದೇನೆ. ಹೈಸ್ಕೂಲು ಮುಗಿಸಿದವಳು. ಮೂವತ್ತು ವರ್ಷ ಸಿಪಾಯಿಯ ಹೆಂಡತಿಯಾಗಿದ್ದವಳು. ಅವರು ರಜೆಗೆ ಬಂದಾಗಲೆಲ್ಲ ಮಕ್ಕಳನ್ನು ಹಿತ್ತಿಲ ಗೋಡೆಗೆ ನಿಲ್ಲಿಸಿ ಹೇಳುತ್ತಿದ್ದುದು ಒಂದೇ ಮಾತು, ಮನುಷ್ಯನ ಯೋಗ್ಯತೆ ಅವನು ನಿಲ್ಲುವುದರಲ್ಲಿ ಗೊತ್ತಾಗುತ್ತದೆ ಅಂತ. ಎದೆ ಮುಂದೆ, ಭುಜ ಹಿಂದೆ, ಮೊಣಕೈ ಒಂದಿಷ್ಟೂ ಮಡಚದ ಹಾಗೆ ಹಿಂದಕ್ಕೆ ಒತ್ತಿ, ಅಂಗೈ ಮುಂದಕ್ಕೆ. ಅವರು ಹೋದ ಮೇಲೂ ನಾನು ಬಿಡಲಿಲ್ಲ. ಮೊಮ್ಮಗ ನಡೆಯುವುದನ್ನು ಕಲಿತ ವರ್ಷವೇ ನಿಲ್ಲುವುದನ್ನೂ ಕಲಿಸಿದೆ. ಈ ಮನೆಯಲ್ಲಿ ಬೆನ್ನಿರುವ ಕುರ್ಚಿ ಒಂದೂ ಇಲ್ಲ. ಇದ್ದವುಗಳ ಬೆನ್ನನ್ನು ಬಡಗಿಯಿಂದ ಕೊಯ್ಯಿಸಿದ್ದೇನೆ.

ಆದ್ದರಿಂದ ನನ್ನ ಸಲಹೆ ಸ್ಪಷ್ಟ. ಹುಡುಗ ಎಲ್ಲೋ ಸ್ವಲ್ಪ ಸಡಿಲ ಬಿದ್ದಿದ್ದಾನೆ. ಇನ್ನೂ ನೆಟ್ಟಗೆ ನಿಲ್ಲಬೇಕು. ನಾಳೆಯಿಂದ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಗೋಡೆ.

ಮಾರ್ಚ್ ೯, ಭಾನುವಾರ

ಮರುತಪಾಸಣೆಗೆ ಅರ್ಜಿ ಹಾಕಿಸಿದೆ. ಒಂದೇ ಅವಕಾಶವಂತೆ. ಅದರಲ್ಲೂ ಬೇಡ ಎಂದರೆ ಆ ಬಾಗಿಲು ಅವನಿಗೆ ಶಾಶ್ವತವಾಗಿ ಮುಚ್ಚಿದಂತೆ.

ಹುಡುಗ ಗೋಡೆಗೆ ನಿಲ್ಲುತ್ತಾನೆ. ಎರಡೂ ಹೊತ್ತು.

ಮಾರ್ಚ್ ೧೪, ಶುಕ್ರವಾರ

ಇವತ್ತು ಅವನು ಹಾಸಿಗೆಯಿಂದ ಏಳಲಿಲ್ಲ. ನಾನು ಕೋಣೆಯ ಬಾಗಿಲಲ್ಲಿ ನಿಂತು ಕರೆದೆ. ಗೋಡೆ ಕಡೆ ಮುಖ ಮಾಡಿ ಮಲಗಿದ್ದವನು ತಿರುಗಲಿಲ್ಲ. ನಾನು ಕರೆದ ಮೇಲೂ ಯಾರಾದರೂ ಈ ಮನೆಯಲ್ಲಿ ಮಲಗಿರಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ. (ಒರಗುದಿಂಬನ್ನು ಬಿಟ್ಟು.)

ಸೊಸೆ ಹಿಂದಿನಿಂದ ಬಂದು ಮೆಲ್ಲಗೆ, "ಅತ್ತೆ, ಅವನ ಕೈ ನೋಡಿ" ಎಂದಳು. ಮೊಣಕೈಯ ಹಿಂಭಾಗ ಊದಿಕೊಂಡಿತ್ತು. ಗೋಡೆಗೆ ಒತ್ತಿ ಒತ್ತಿ ಚರ್ಮ ಕೆಂಪಗಾಗಿತ್ತು.

"ಯಾಕೋ ಹೇಳಲಿಲ್ಲ?"

"ಹೇಳಿದ್ರೆ ಇನ್ನೂ ನೆಟ್ಟಗೆ ನಿಲ್ಲು ಅಂತಿದ್ದೆ."

ಅದು ನಿಜ, ಅಂದೇ ಅನ್ನುತ್ತಿದ್ದೆ. ಮಂಚದ ಅಂಚಿನಲ್ಲಿ ಕುಳಿತೆ. ಏನು ಹೇಳಬೇಕೆಂದು ತಿಳಿಯಲಿಲ್ಲ, ಹಾಗಾಗಿ ಕೇಳಿದೆ. "ನಿನಗೆ ಬೇಕಾ ಅದು? ಸೈನ್ಯ?"

ಅವನು ಎದ್ದು ಕುಳಿತ. ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದ. "ಇಷ್ಟು ವರ್ಷ ಆದ ಮೇಲೆ ಈಗ ಕೇಳ್ತಿದ್ದೀಯಲ್ಲ ಅಜ್ಜಿ."

"ಬೇಕೋ ಬೇಡವೋ ಹೇಳು. ಅಧಿಕಪ್ರಸಂಗ ಬೇಡ."

"ಬೇಕು. ತಾತ ಇದ್ರು ಅಂತ ಅಲ್ಲ. ನೀನು ಬೀದಿಗೆಲ್ಲ ಹೇಳಿದ್ದೀಯ ಅಂತಾನೂ ಅಲ್ಲ. ನಂಗೆ ಬೇಕು." ಆಮೇಲೆ ದನಿ ಒಡೆಯಿತು. "ಓಡುವಾಗ ಪಕ್ಕದಲ್ಲಿ ಅಷ್ಟು ಜನ ಒಂದೇ ಹೆಜ್ಜೆಯಲ್ಲಿ ಓಡ್ತಿದ್ರು ನೋಡು. ನಾನು ಅಲ್ಲೇ ಇರಬೇಕಾದೋನು ಅನ್ನಿಸ್ತು. ಈಗ ಮೂಳೆ ಸರಿ ಇಲ್ಲ ಅಂದ್ರೆ ಯಾರ ಹತ್ರ ಜಗಳ ಆಡ್ಲಿ?"

ಜಗಳವಾಡುವುದಕ್ಕೆ ನಾನಿದ್ದೇನೆ ಎಂದೆ. ನನ್ನೊಂದಿಗೆ ಆಡು ಎಂಬ ಅರ್ಥದಲ್ಲೋ, ನಿನ್ನ ಪರವಾಗಿ ಆಡುತ್ತೇನೆ ಎಂಬ ಅರ್ಥದಲ್ಲೋ, ಆ ಕ್ಷಣದಲ್ಲಿ ನನಗೂ ಗೊತ್ತಿರಲಿಲ್ಲ.

ಗೋಡೆಯ ಅಭ್ಯಾಸವನ್ನು ಸದ್ಯಕ್ಕೆ ನಿಲ್ಲಿಸಿದ್ದೇನೆ. ಊತ ಇಳಿಯುವ ತನಕ ಮಾತ್ರ.

ಮಾರ್ಚ್ ೧೮, ಮಂಗಳವಾರ

ಮೂಳೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿದ್ದೆ. ಇದು ಸೊಸೆಯ ಸಲಹೆ. ಈ ಮನೆಯಲ್ಲಿ ಮೂಳೆ ಮುರಿಯದೆ ಮೂಳೆ ವೈದ್ಯರ ಬಳಿ ಹೋದವರಿಲ್ಲ.

ಡಾಕ್ಟರಮ್ಮ ನನ್ನ ಸೊಸೆಗಿಂತ ಚಿಕ್ಕವಳು. ಹುಡುಗನ ಅಂಗಿ ತೆಗೆಸಿ, "ನೇರವಾಗಿ ನಿಂತ್ಕೊಳಪ್ಪ" ಎಂದಳು. ಅವನು ನಿಂತ. ನೋಡುವುದಕ್ಕೆ ಚೆನ್ನಾಗಿತ್ತು. ಆಕೆ ಅವನ ಸುತ್ತ ಒಂದು ಸುತ್ತು ಬಂದು, ಮೊಣಕೈಯನ್ನು ಎರಡು ಬೆರಳಿನಿಂದ ಮುಟ್ಟಿ ಕೇಳಿದಳು: "ಹೀಗೆ ನಿಲ್ಲೋಕೆ ಯಾರು ಕಲಿಸಿದ್ದು?"

"ನಾನು" ಎಂದೆ. ಹೆಮ್ಮೆಯಿಂದಲೇ ಎಂದೆ.

ಆಕೆ ನನ್ನ ಕಡೆ ತಿರುಗಿದಳು. ನನ್ನನ್ನೂ ಮೇಲಿಂದ ಕೆಳಗೆ ನೋಡಿದಳು. ನಾನೂ ನಿಂತೇ ಇದ್ದೆ. ಆಕೆಯ ತುಟಿ ಸ್ವಲ್ಪ ಅಲುಗಿತು. "ಹೌದು, ಕಾಣ್ತಿದೆ" ಎಂದಳು.

ಆಮೇಲೆ ಹುಡುಗನನ್ನು ಮೇಜಿನ ಮೇಲೆ ಮಲಗಿಸಿ, ಅವನೊಡನೆ ಓಟದ ವಿಷಯ ಮಾತಾಡುತ್ತ, ಅವನು ಮಾತಿನಲ್ಲಿ ಮೈಮರೆತಿದ್ದಾಗ ಕೈಯನ್ನು ತನಗೆ ಬೇಕಾದ ಹಾಗೆ ಇಟ್ಟು ಅಳೆದಳು. ಎಕ್ಸ್‌ರೇ ತೆಗೆಸಿದಳು. ಮೂಳೆ ಸರಿಯಾಗಿಯೇ ಇದೆ. ಕೋನ ನಿಯಮದ ಒಳಗೇ ಇದೆ.

"ಹಾಗಾದ್ರೆ ಅವರು ಯಾಕೆ ಹಾಗಂದ್ರು?"

"ಅಮ್ಮ, ಇವನ ಕೀಲುಗಳು ಹುಟ್ಟಿನಿಂದಲೇ ಸ್ವಲ್ಪ ಮೆದು. ಅದು ತಪ್ಪಲ್ಲ. ಆದ್ರೆ ನಿಲ್ಲು ಅಂದ ಕೂಡಲೇ ಮೊಣಕೈನ ಎಷ್ಟು ಹಿಂದಕ್ಕೆ ಒತ್ತುತ್ತಾನೆ ಅಂದ್ರೆ, ನೇರ ಆಗೋದನ್ನೂ ದಾಟಿ ಆಚೆ ಹೋಗುತ್ತೆ. ಹಂಗೆ ಒತ್ತಿದಾಗ ಕೈ ಹೊರಗೆ ತಿರುಗುತ್ತೆ. ಅವರು ಅದನ್ನೇ ಅಳೆದಿದ್ದಾರೆ. ಅಷ್ಟು ನೆಟ್ಟಗೆ ಯಾರೂ ನಿಲ್ಲಬಾರದು."

ಕಿವಿಗೆ ಬಿದ್ದ ಮಾತನ್ನು ಎರಡನೆಯ ಸಲ ಹೇಳಿಸಿದೆ. ಎರಡನೆಯ ಸಲವೂ ಅದನ್ನೇ ಹೇಳಿದಳು.

"ನೀವೊಂದು ಚೀಟಿ ಬರೆದುಕೊಡಿ."

"ಕೊಡ್ತೀನಿ. ಆದ್ರೆ ಅವರು ತಾವೇ ಅಳೀತಾರೆ. ಅವತ್ತು ಇವನು ಸಡಿಲವಾಗಿ ನಿಲ್ಲಬೇಕು, ಅಷ್ಟೇ."

"ಇದು ಮೋಸ ಅಲ್ವಾ?"

"ಮೋಸ ಈಗ ಆಗ್ತಿದೆ ಅಮ್ಮ. ಇಲ್ಲದ ಕೋನ ತೋರಿಸ್ತಿದ್ದಾನೆ. ಇರೋದನ್ನ ತೋರಿಸಲಿ."

ಹುಡುಗ ಮೇಜಿನಿಂದ ಇಳಿದು ಹಲ್ಲು ಕಿಸಿಯುತ್ತಿದ್ದ. ಎರಡು ವಾರದಲ್ಲಿ ಮೊದಲ ಬಾರಿಗೆ ಅವನ ಹಲ್ಲು ನೋಡಿದೆ. "ಸಡಿಲ ನಿಂತ್ಕೋ" ಎಂದಳು ಡಾಕ್ಟರಮ್ಮ. ಅವನು ಸೆಟೆದು ನಿಂತ. "ಇನ್ನೂ ಸಡಿಲ." ಇನ್ನೂ ಸೆಟೆದ. ಪಾಪ, ಅವನಿಗೆ ಬರುವುದಿಲ್ಲ. ಪ್ರಯತ್ನ ಪಟ್ಟಷ್ಟೂ ಮರದ ಹಲಗೆಯಾಗುತ್ತಾನೆ. ಮೂರು ವಾರ ಉಳಿದಿದೆ.

ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ತಿರುಗಿ ಕುಳಿತೆ. ಕೋಪದಿಂದಲ್ಲ. ನಮ್ಮ ಯಜಮಾನರ ಬಗ್ಗೆ ಯೋಚಿಸುತ್ತಿದ್ದೆ. ಅವರ ಕೀಲು ಗಟ್ಟಿ ಇತ್ತು, ಅವರಿಗೆ ಆ ನಿಲುವು ಒಪ್ಪಿತ್ತು. ಅಷ್ಟೇ ಇದ್ದಿರಬೇಕು.

ಮಾರ್ಚ್ ೨೦, ಗುರುವಾರ

ಎರಡು ದಿನ ನಾನೇ ಕಲಿಸಿ ನೋಡಿದೆ. "ಸಡಿಲ ಬಿಡೋ!" ಎಂದು ಕೂಗಿದರೆ ಇನ್ನಷ್ಟು ಬಿಗಿಯುತ್ತಾನೆ. ಮೆತ್ತಗೆ ಹೇಳಿದರೆ ಅಜ್ಜಿಗೆ ಏನೋ ಆಗಿದೆ ಎಂದು ಹೆದರಿ ಬಿಗಿಯುತ್ತಾನೆ. ಸೊಸೆ ನಗು ತಡೆಯಲಾರದೆ ಒಲೆಯ ಹಿಂದೆ ಹೋದಳು.

ಇವತ್ತು ಮಧ್ಯಾಹ್ನ ಗಲ್ಲಾದಲ್ಲಿ ಕುಳಿತಿದ್ದಾಗ ಕಣ್ಣು ತಾನಾಗಿ ಹಿಟ್ಟಿನ ಮೂಟೆಗಳ ಕಡೆ ಹೋಯಿತು. ಒರಗುದಿಂಬು ಅಲ್ಲಿದ್ದ. ಅವನ ಎರಡೂ ಕೈ ಒದ್ದೆ ಟವೆಲಿನಂತೆ ಜೋತು ಬಿದ್ದಿದ್ದವು. ಭುಜದಲ್ಲಿ, ಕತ್ತಿನಲ್ಲಿ, ಮೊಣಕಾಲಿನಲ್ಲಿ, ಎಲ್ಲಿಯೂ ಒಂದು ಚೂರು ಬಿಗಿ ಇರಲಿಲ್ಲ. ಮೂವತ್ತೆರಡು ವರ್ಷದಿಂದ ಅದನ್ನೇ ನೋಡಿ ನೋಡಿ ತಲೆ ಚಚ್ಚಿಕೊಂಡಿದ್ದೇನೆ. ಇವತ್ತು ಸ್ವಲ್ಪ ಹೊತ್ತು ಸುಮ್ಮನೆ ನೋಡಿದೆ.

ಆಮೇಲೆ ಹತ್ತಿರ ಹೋದೆ.

"ಏಳಬೇಕಾ?" ಎಂದ, ಏಳದೆ.

"ಬೇಡ. ಒಂದು ಕೆಲಸ ಇದೆ."

"ಅದಕ್ಕೇ ಕೇಳಿದ್ದು."

ವಿಷಯ ಹೇಳಿದೆ. ಅವನು ಪೂರ್ತಿ ಕೇಳಿದ. ಆಮೇಲೆ ಕಣ್ಣು ಪೂರ್ತಿ ತೆರೆದ.

"ಅಮ್ಮ, ಇನ್ನೊಂದ್ಸಲ ಹೇಳು. ನಾನು ಅವನಿಗೆ ಏನು ಕಲಿಸ್ಬೇಕು?"

"ಕೇಳಿಸ್ತಲ್ಲ."

"ಕೇಳಿಸ್ತು. ಆದ್ರೂ ಹೇಳು. ಅಣ್ಣ ಬರ್ಲಿ, ಅತ್ತಿಗೇನೂ ಕರೀತೀನಿ."

"ನೀನು ನಿಲ್ಲೋ ಹಾಗೆ ನಿಲ್ಲೋದನ್ನ ಕಲಿಸು" ಎಂದೆ. ಒಲೆಯ ಹತ್ತಿರ ಉದ್ದ ಹಿಡಿಯ ಹಲಗೆಯಲ್ಲಿ ಬ್ರೆಡ್ಡು ಹೊರತೆಗೆಯುತ್ತಿದ್ದ ದೊಡ್ಡವನು ಹಾಗೆಯೇ ನಿಂತುಬಿಟ್ಟ. ಒಂದು ಟ್ರೇ ಬ್ರೆಡ್ಡು ಕಪ್ಪಾಯಿತು.

ಮಾರ್ಚ್ ೨೪, ಸೋಮವಾರ

ಪಾಠ ಆರಂಭವಾಗಿದೆ. ಹಿತ್ತಿಲಲ್ಲಿ, ಅದೇ ಗೋಡೆಯ ಬುಡದಲ್ಲಿ. ಗುರುಗಳು ಬರುವುದು ತಡವಾಗಿ. ಬಂದ ಮೇಲೆ ಮೊದಲು ಟೀ. ಮೊದಲ ಪಾಠ, ಕೂರುವುದು. ಎರಡನೆಯ ಪಾಠ, ಕೂತಲ್ಲಿಂದ ಜಾರುವುದು.

"ಲೋ, ಮೈಯೆಲ್ಲ ನಾದಿದ ಹಿಟ್ಟು ಅಂದ್ಕೋ. ಈಗಷ್ಟೇ ನಾದಿ ಬಟ್ಟೆ ಮುಚ್ಚಿಟ್ಟಿದ್ದಾರೆ. ಯಾರೂ ಮುಟ್ಟಲ್ಲ. ಹಿಟ್ಟು ಏನು ಮಾಡುತ್ತೆ?"

"ಉಬ್ಬುತ್ತೆ."

"ಉಬ್ಬೋದು ಆಮೇಲೆ. ಮೊದಲು ಏನು ಮಾಡುತ್ತೆ? ಸುಮ್ನೆ ಬಿದ್ದಿರುತ್ತೆ."

ಈ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಬೇಕರಿಯ ಮಗನಲ್ಲವೇ, ಎಲ್ಲೋ ಕಿವಿಗೆ ಬಿದ್ದಿರಬೇಕು.

ಟೈಲರ್ ಕಾಂಪೌಂಡಿನ ಮೇಲಿನಿಂದ ಇಣುಕಿ, "ಏನಮ್ಮಾವ್ರೇ, ಸೈನ್ಯಕ್ಕೆ ಸೇರಿಸ್ತೀರೋ, ನಿದ್ದೆಗೆ ಸೇರಿಸ್ತೀರೋ?" ಎಂದ. ಒರಗುದಿಂಬು ಕುಳಿತಲ್ಲಿಂದಲೇ, "ನಿಮಗೂ ಸೀಟು ಇದೆ, ಬನ್ನಿ" ಎಂದ. ನಾನು ಇಬ್ಬರಿಗೂ ಬಯ್ಯಲಿಲ್ಲ. ಬಾಯಲ್ಲಿ ಬಿಸಿ ಟೀ ಇತ್ತು.

ಮಾರ್ಚ್ ೩೦, ಭಾನುವಾರ

ಹುಡುಗ ಈಗ ಕೂತಾಗ ಸಡಿಲ, ನಡೆದಾಗ ಸಡಿಲ, ನಿಂತಾಗಲೂ ಪರವಾಗಿಲ್ಲ. ಆದರೆ ಒಂದು ತೊಡಕು. ಯಾರಾದರೂ ಗಟ್ಟಿಯಾಗಿ ಅಪ್ಪಣೆ ಮಾಡಿದರೆ ಎಲ್ಲವೂ ಮರೆತು ಕೈ ಟಕ್ಕನೆ ಬಿಗಿಯುತ್ತದೆ. ಅಲ್ಲಿ ತಪಾಸಣೆ ಮಾಡುವವರು ಮೆತ್ತಗೆ ಮಾತಾಡುತ್ತಾರೆಯೇ?

ಗುರುಗಳು ತಲೆ ಕೆರೆದುಕೊಂಡರು. "ಅಮ್ಮ, ಕೂಗೋ ಕೆಲಸ ನಿಂದು."

ಸರಿ, ಹಿತ್ತಿಲಲ್ಲಿ ನಿಂತು "ನೆಟ್ಟಗೆ ನಿಲ್ಲು!" ಎಂದು ಕೂಗಿದೆ. ಹುಡುಗ ಬಿಗಿದ. ಅತ್ತ ಟೈಲರ್ ಅಂಗಡಿಯಲ್ಲೂ ಯಾರೋ ಎದ್ದು ನಿಂತರಂತೆ. ಆಗ ಒರಗುದಿಂಬು ಆಕಳಿಸಿದ. ಅವನ ಆಕಳಿಕೆ ಸಣ್ಣದಲ್ಲ, ಹೊಟ್ಟೆಯ ಬುಡದಿಂದ ಎದ್ದು ಬಂದು, ದಾರಿಯಲ್ಲಿ ಎರಡು ಕಡೆ ತಿರುಗಿ, ಕೊನೆಗೊಂದು ರಾಗ ಎಳೆದು ಮುಗಿಯುತ್ತದೆ. ಅದನ್ನು ಕೇಳಿ ಹುಡುಗನಿಗೆ ನಗು ಬಂತು. ನಗು ಬಂದದ್ದೇ ಕೈ ಜೋತು ಬಿತ್ತು.

"ಹಾಂ! ಇದೇ!" ಎಂದು ಗುರುಗಳು ಎದ್ದೇ ನಿಂತರು, ಯಾವುದಕ್ಕೂ ಒರಗದೆ. ಇದನ್ನು ಬರೆದಿಡಬೇಕು.

ಆದ್ದರಿಂದ ಹೊಸ ಅಭ್ಯಾಸ. ನಾನು ಕೂಗುವುದು, ಅವನು ಆಕಳಿಸುವುದು, ಹುಡುಗ ಸಡಿಲವಾಗುವುದು. ಸಂಜೆಯ ತನಕ ಮಾಡಿದೆವು. ನನ್ನ ಗಂಟಲು ಕಟ್ಟಿದೆ. ಸೊಸೆ ಬಿಸಿನೀರು ತಂದುಕೊಟ್ಟು, "ಅತ್ತೆ, ಮನೆಯಲ್ಲಿ ಇಷ್ಟು ಗಲಾಟೆ ಯಾವತ್ತೂ ಆಗಿರಲಿಲ್ಲ" ಎಂದಳು. ದೂರಿದ್ದೋ, ಹೊಗಳಿದ್ದೋ ತಿಳಿಯಲಿಲ್ಲ. ಅವಳ ಮುಖ ಮಾತ್ರ ಚೆನ್ನಾಗಿತ್ತು.

ಏಪ್ರಿಲ್ ೫, ಶನಿವಾರ

ಸಡಿಲ ಹೆಚ್ಚಾಯಿತು. ಹುಡುಗ ರಸ್ಕಿನ ಟ್ರೇಯನ್ನು ಕೈಬಿಟ್ಟ. ಅಂಗಡಿ ತುಂಬ ರಸ್ಕು. ಎಲ್ಲರೂ ನನ್ನ ಮುಖ ನೋಡಿದರು. ಗುಡಿಸಿ ಎಂದೆ, ಅಷ್ಟೇ. ಬೇರೇನು ಹೇಳುವುದಿದೆ, ರಸ್ಕು ಮುರಿಯುವುದಕ್ಕೇ ಇರುವುದು.

ಗಲ್ಲಾದ ಹತ್ತಿರ ಇಡೀ ದಿನ ಕುಳಿತು ಸೊಂಟ ನೋವು. ಹಿಂದಿನ ಗೋಡೆಗೆ ಕೊಂಚ ಒರಗಿದೆ. ಒಲೆಯ ಆ ಬದಿಯ ಗೋಡೆ ಬೆಚ್ಚಗಿರುತ್ತದೆ ಎಂದು ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಕಿರಿಯವನನ್ನು ಕೇಳಿದೆ, ನಿನಗೆ ಗೊತ್ತಿತ್ತಾ ಎಂದು. "ಸ್ಕೂಲಿಗೆ ಹೋಗ್ತಿದ್ದಾಗ್ಲಿಂದ" ಎಂದ.

ಏಪ್ರಿಲ್ ೯, ಬುಧವಾರ

ನಾಳೆ.

ಏಪ್ರಿಲ್ ೧೦, ಗುರುವಾರ

ಆತುರಪಡದೆ, ಒಂದೊಂದಾಗಿ ಬರೆಯಬೇಕು.

ನಾನು, ಹುಡುಗ, ಕಿರಿಯವನು ಮೂವರೂ ಹೋದೆವು. ಆಸ್ಪತ್ರೆಯ ಉದ್ದನೆಯ ಮೊಗಸಾಲೆ, ಎರಡು ಬದಿಗೂ ಬೆಂಚು. ಬೆಂಚಿನ ತುಂಬ ಹುಡುಗರು, ಒಬ್ಬೊಬ್ಬರಿಗೂ ಒಂದೊಂದು ಕಡೆ ಅನುಮಾನ. ಒಬ್ಬನಿಗೆ ಪಾದ, ಒಬ್ಬನಿಗೆ ಕಿವಿ. ಒಳಗಿನಿಂದ ಹೆಸರು ಕೂಗುತ್ತಾರೆ, ಹೋದವನು ಬರುತ್ತಾನೆ. ಅವನ ಮುಖ ನೋಡಿದರೆ ಕೇಳುವ ಅಗತ್ಯವಿರುವುದಿಲ್ಲ. ನಮಗಿಂತ ಮುಂಚೆ ಹೋದ ಮೂವರಲ್ಲಿ ಇಬ್ಬರು ತಲೆ ತಗ್ಗಿಸಿಕೊಂಡೇ ಬಂದರು.

ಒಪ್ಪಂದ ಹೀಗಿತ್ತು. ಹುಡುಗ ಒಳಗೆ ಹೋದ ಮೇಲೆ ಕಿರಿಯವನು ಬಾಗಿಲ ಪಕ್ಕದ ಬೆಂಚಿನಲ್ಲೇ ಇರಬೇಕು. ಒಳಗೆ ಗದರಿದ ಸದ್ದು ಕೇಳಿಸಿದರೆ ಒಂದು ಆಕಳಿಕೆ. ಬಾಗಿಲು ಅರ್ಧ ತೆರೆದೇ ಇತ್ತು, ಕೇಳಿಸುತ್ತದೆ.

ನಮ್ಮ ಸರದಿ ಇನ್ನೂ ದೂರ ಇದೆ ಎಂದು ಕಿರಿಯವನು ಕುಡಿಯುವ ನೀರು ತರಲು ಹೋದ. ನನ್ನ ಬಾಯಿ ಒಣಗಿರುವುದನ್ನು ಅವನೇ ಗಮನಿಸಿ ಹೋದದ್ದು. ಅವನು ಅತ್ತ ಹೋದದ್ದೇ ತಡ, ನಡುವಿನ ಇಬ್ಬರು ಬಂದಿಲ್ಲವೆಂದು ನಮ್ಮ ಹುಡುಗನನ್ನೇ ಕರೆದರು.

ಹುಡುಗ ಎದ್ದ. ಬಾಗಿಲ ಪಕ್ಕದ ಬೆಂಚು ನೋಡಿದ, ಖಾಲಿ. ನನ್ನನ್ನು ನೋಡಿದ. ಹೋಗು ಎಂದು ತಲೆ ಅಲ್ಲಾಡಿಸಿದೆ. ಅವನು ಹೋಗುವಾಗಲೇ ಭುಜ ಮೇಲೇರುತ್ತಿತ್ತು.

ನಾನು ಎದ್ದು ಬಾಗಿಲ ಪಕ್ಕದ ಬೆಂಚಿಗೆ ಹೋಗಿ ಕುಳಿತೆ. ಮೊಗಸಾಲೆಯ ಆ ತುದಿಯ ತನಕ ನೋಡಿದೆ. ನೀರಿನವನ ಸುಳಿವಿಲ್ಲ. ಒಳಗೆ ಕಾಗದ ಮಗುಚಿದ ಸದ್ದು. ಅಂಗಿ ತೆಗಿ ಎಂದರು. ಆಮೇಲೆ ಬಂತು, ದೊಡ್ಡ ಗಂಡು ದನಿ:

"ನೆಟ್ಟಗೆ ನಿಲ್ಲು! ಕೈ ಕೆಳಗೆ!"

ನನಗೆ ಕಾಣಿಸುತ್ತಿರಲಿಲ್ಲ. ಕಾಣಿಸುವ ಅಗತ್ಯವೂ ಇರಲಿಲ್ಲ. ಅವನ ಮೊಣಕೈ ಹಿಂದಕ್ಕೆ ಹೋದದ್ದು ನನ್ನ ಮೊಣಕೈಗೆ ಗೊತ್ತಾಯಿತು.

ಆಕಳಿಸಿದೆ.

ಬಾಯಿ ಮುಚ್ಚಿ ಆಕಳಿಸುವುದನ್ನು ಮಾತ್ರ ಬಲ್ಲವಳು ನಾನು, ಅದನ್ನೂ ಒಬ್ಬಳೇ ಇದ್ದಾಗ. ಇವತ್ತು ಬಾಯಿ ಪೂರ್ತಿ ತೆರೆದೆ. ಮೊದಲು ಸುಳ್ಳಾಗಿಯೇ ಆರಂಭವಾಯಿತು. ಅರ್ಧ ದಾರಿಯಲ್ಲಿ ಅದು ನಿಜವಾಯಿತು. ಎಷ್ಟು ವರ್ಷದಿಂದ ಒಳಗೆ ಕೂತಿತ್ತೋ, ಹೊಟ್ಟೆಯಿಂದ ಎದ್ದಿತು, ಎರಡು ಕಡೆ ತಿರುಗಿತು, ನನ್ನ ಕಿರಿಯ ಮಗ ಅದನ್ನು ಯಾರಿಂದ ಪಡೆದ ಎಂಬುದೂ ಗೊತ್ತಾಯಿತು. ಕೊನೆಯ ರಾಗ ಮುಗಿಯುವಾಗ ಕಣ್ಣಲ್ಲಿ ನೀರು.

ಎದುರು ಬೆಂಚಿನ ಹುಡುಗರು ಬೆಪ್ಪಾಗಿ ನೋಡಿದರು. ಒಬ್ಬ ಫಕ್ಕನೆ ನಕ್ಕ. ಪಾದದವನು ಆಕಳಿಸಿದ. ಅವನನ್ನು ನೋಡಿ ಕಿವಿಯವನು. ಬೆಂಚಿನ ಉದ್ದಕ್ಕೂ ಹರಡಿತು.

ಒಳಗೆ ಸದ್ದೇ ಇಲ್ಲ. ಆಮೇಲೆ ಅದೇ ದೊಡ್ಡ ದನಿ, ಆದರೆ ಆಕಳಿಕೆಯ ನಡುವೆ ಸಿಕ್ಕಿಕೊಂಡು, "ಹಾ... ಹಾಗೇ ನಿಂತಿರು... ಅಲುಗಾಡಬೇಡ" ಎಂದಿತು.

ಕಿರಿಯವನು ನೀರಿನ ಬಾಟಲಿ ಹಿಡಿದು ಓಡೋಡಿ ಬಂದ. ಅವನು ಓಡಿದ್ದನ್ನು ನಾನು ನೋಡಿದ್ದು ಇದೇ ಮೊದಲು. "ಒಳಗೆ ಹೋದ್ನಾ? ಅಯ್ಯೋ ಅಮ್ಮ, ಆಕಳಿಕೆ?"

"ಆಯ್ತು."

"ಯಾರು?"

ಬೆಂಚಿನ ಹುಡುಗರು ನನ್ನ ಕಡೆ ಬೆರಳು ತೋರಿಸಿದರು. ಅವನು ನೀರು ಕೊಡುವುದನ್ನು ಮರೆತು ನೆಲದ ಮೇಲೆಯೇ ಕುಳಿತುಬಿಟ್ಟ.

ಬಾಗಿಲು ತೆರೆಯಿತು. ಹುಡುಗ ಅಂಗಿಯ ಗುಂಡಿಗಳನ್ನು ತಪ್ಪು ತಪ್ಪಾಗಿ ಹಾಕಿಕೊಂಡು ಹೊರಬಂದ. ಮುಖ ನೋಡಿದೆ, ಕೇಳುವ ಅಗತ್ಯವಿರಲಿಲ್ಲ. ಆದರೂ ಕೇಳಿದೆ.

"ಫಿಟ್ ಅಜ್ಜಿ! ಎರಡು ಸಲ ಅಳೆದ್ರು. ಎಕ್ಸ್‌ರೇನೂ ನೋಡಿದ್ರು. ಫಿಟ್!" ಎಂದವನೇ ನನ್ನನ್ನು ಎತ್ತಿಬಿಟ್ಟ. ಅಷ್ಟು ಜನರ ಮುಂದೆ, ನೆಲದಿಂದ ಮೇಲಕ್ಕೆ. ಇಳಿಸೋ ಎಂದು ಹೇಳಬೇಕಿತ್ತು. ಹೇಳಲು ಸ್ವಲ್ಪ ತಡವಾಯಿತು.

"ಒಳಗಿದ್ದ ಡಾಕ್ಟ್ರು ಕೇಳಿದ್ರು ಅಜ್ಜಿ, ಹೊರಗೆ ಯಾರಪ್ಪಾ ಅದು ಅಂತ."

"ನೀನೇನಂದೆ?"

"ನಮ್ಮಜ್ಜಿ ಅಂದೆ."

ಬೀದಿಯ ತಿರುವಿನಲ್ಲೇ ಟೈಲರ್ ಕಾದಿದ್ದ. "ಬಕೆಟ್ ಹಿಡಿಸಿದ್ರಾ ಅಮ್ಮಾವ್ರೇ?" ಎಂದ. ಹಿಡಿಸಿದೆ ಎಂದೆ. ಪಾಪ, ಅವನಿಗೂ ಸಂತೋಷವಾಗಲಿ. ಸಂಜೆಯ ಬನ್ನಿಗೆ ಸಕ್ಕರೆ ಜಾಸ್ತಿ ಹಾಕಿಸಿದೆ.

ಏಪ್ರಿಲ್ ೨೬, ಶನಿವಾರ

ಪಾದದ ಹುಡುಗ ಮತ್ತು ಅವನ ತಾಯಿ ನಮ್ಮ ಬೇಕರಿ ಹುಡುಕಿಕೊಂಡು ಬಂದಿದ್ದರು. ಅವನಿಗೆ ಎರಡನೆಯ ಸಲವೂ ಆಗಲಿಲ್ಲ. ಮೂಳೆಯೇ ಹಾಗಿದೆ, ನಿಲ್ಲುವುದರಿಂದ ಸರಿಹೋಗುವಂಥದ್ದಲ್ಲ. ಆಕೆ ಅಳುತ್ತ, "ಇವನಿಗೆ ಏನಾದ್ರೂ ಬುದ್ಧಿ ಹೇಳಿ" ಎಂದಳು. ಎರಡು ತಿಂಗಳ ಹಿಂದೆ ಬಂದಿದ್ದರೆ ಹೇಳಲು ನನ್ನಲ್ಲಿ ಮೂಟೆಗಟ್ಟಲೆ ಇತ್ತು.

ಹುಡುಗನಿಗೆ ಬನ್ನು ಕೊಟ್ಟು, "ನಿನಗೆ ಏನು ಬೇಕಪ್ಪ?" ಎಂದು ಕೇಳಿದೆ. ಮೊದಲನೆಯ ಬನ್ನು ಪೂರ್ತಿ ತಿಂದ. ಆಮೇಲೆ ಮಾತಾಡಲು ಆರಂಭಿಸಿದವನು ಮೂರನೆಯ ಬನ್ನಿನ ತನಕ ನಿಲ್ಲಿಸಲಿಲ್ಲ. ದೊಡ್ಡ ಗಾಡಿಗಳೆಂದರೆ ಪ್ರಾಣವಂತೆ. ಸೈನ್ಯದ ಲಾರಿಗಳನ್ನು ರಿಪೇರಿ ಮಾಡುವ ಕಾರ್ಖಾನೆಯಲ್ಲಿ ಸಮವಸ್ತ್ರವಿಲ್ಲದ ಕೆಲಸಗಾರರನ್ನೂ ತೆಗೆದುಕೊಳ್ಳುತ್ತಾರಂತೆ, ಅಲ್ಲಿ ಪಾದ ನೋಡುವುದಿಲ್ಲವಂತೆ. ಅವನಿಗೇ ಎಲ್ಲ ಗೊತ್ತಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೇ.

ಹೋಗುವಾಗ ಆ ತಾಯಿ ಒಳ್ಳೆಯ ಬುದ್ಧಿ ಹೇಳಿದಿರಿ ಎಂದು ಕೈ ಮುಗಿದಳು. ನಾನೇನು ಹೇಳಿದೆನೋ.

ಮೇ ೪, ಭಾನುವಾರ

ಇವತ್ತು ಹುಡುಗ ಹೊರಟ.

ಬಸ್ ನಿಲ್ದಾಣಕ್ಕೆ ಅರ್ಧ ಬೀದಿ ಬಂದಿತ್ತು. ಎಲ್ಲರೂ ಒಂದೊಂದು ಹೇಳುವವರೇ. ಕಾಲುಚೀಲ ಎರಡು ಜೊತೆ ಹಾಕಿಕೋ, ಯಾರಿಗೂ ಬ್ಲೇಡು ಕೊಡಬೇಡ, ಹಿಂದಿನ ಸೀಟಿನಲ್ಲಿ ಕೂರಬೇಡ. ಸೊಸೆ ಅವನ ಚೀಲದ ಜಿಪ್ಪನ್ನು ಎಳೆಯುತ್ತ, ಬಿಚ್ಚುತ್ತ, ಮತ್ತೆ ಎಳೆಯುತ್ತ ನಿಂತಿದ್ದಳು. ದೊಡ್ಡವನು ಮಗನ ಬೆನ್ನ ಮೇಲೆ ಕೈ ಇಟ್ಟುಕೊಂಡಿದ್ದ. ಕಿರಿಯವನು, "ಅಲ್ಲಿ ನೆಟ್ಟಗೆ ನಿಲ್ಲು ಅಂದ್ರೆ ನಿಂತ್ಕೊಳೋ ಮತ್ತೆ. ನನ್ನ ಹೆಸರು ಹೇಳ್ಬೇಡ" ಎಂದ. ಎಲ್ಲರೂ ನಕ್ಕರು.

ಬಸ್ಸು ಬಂತು. ಹುಡುಗ ನನ್ನೆದುರು ಬಂದು ನಿಂತ.

"ಅಜ್ಜಿ, ನೀನೇನೂ ಹೇಳಲ್ವಾ?"

ವಾರದಿಂದ ಯೋಚಿಸಿ ಇಟ್ಟುಕೊಂಡಿದ್ದು ಬೇಕಾದಷ್ಟಿತ್ತು. ಅವನ ಮುಖ ನೋಡಿದೆ. ಆತುರ, ಸಂತೋಷ, ಸ್ವಲ್ಪ ಭಯ, ಎಲ್ಲ ಇತ್ತು. ಇರಬೇಕಾದದ್ದೇ.

"ನಿನಗೆ ತಿಳಿದ ಹಾಗೆ ಮಾಡು" ಎಂದೆ.

ಸೊಸೆ ಜಿಪ್ಪು ಬಿಟ್ಟು ನನ್ನ ಮುಖವನ್ನೇ ನೋಡಿದಳು. ದೊಡ್ಡವನೂ ನೋಡಿದ. ಅದರಲ್ಲಿ ಅಷ್ಟು ನೋಡುವಂಥದ್ದು ಏನಿತ್ತೋ ನನಗೆ ತಿಳಿಯಲಿಲ್ಲ.

ಹುಡುಗ ಬಾಗಿಲಲ್ಲೇ ನಿಂತು ಹೋದ. ಬಸ್ಸು ಗೇಟು ದಾಟುವಾಗ ಅವನು ಕೈ ಎತ್ತಿದ. ನಾನು "ಗೆದ್ದು ಬಾರೋ ನನ್ನಪ್ಪಾ!" ಎಂದು ಕೂಗಿದೆ. ಡ್ರೈವರ್ ಬ್ರೇಕು ತುಳಿದನಂತೆ. ಟಿಕೆಟ್ ಕಿಟಕಿಯವರು, ಮೂಟೆ ಹೊರುವವರು, ನಿಲ್ದಾಣದ ಜನರೆಲ್ಲ ತಿರುಗಿ ನೋಡಿದರು.

ನೋಡಲಿ ಎಂದೇ ಕೂಗಿದ್ದು.